ಮಂಡಿ ಹೋಗಲಿ, ಕಟ್ಟಡ ನಿಲ್ಲಲಿ

ಬ್ರೇಕ್ ಮೇಷ್ಟ್ರು ಎಂದರೆ ನಮ್ಮ ಬೀದಿಯ ಡ್ರೈವಿಂಗ್ ಸ್ಕೂಲಿನ ಮೇಷ್ಟ್ರು. ಅವರ ಕಾರಿನಲ್ಲಿ ಕಲಿಯುವವರ ಕಡೆ ಒಂದು, ಅವರ ಕಡೆ ಒಂದು, ಹೀಗೆ ಎರಡು ಬ್ರೇಕ್ ಇದ್ದವು. ಕಲಿಯುವವರು ತಮ್ಮದನ್ನು ತುಳಿದ ದಾಖಲೆ ಇಲ್ಲ; ತುಳಿಯುವಷ್ಟು ಪುರುಸೊತ್ತನ್ನು ಮೇಷ್ಟ್ರು ಯಾರಿಗೂ ಕೊಟ್ಟವರಲ್ಲ. ಎದುರಿಗೆ ಸೈಕಲ್ ಬಂದರೆ ತುಳಿತ, ನಾಯಿ ಬಾಲ ಅಲ್ಲಾಡಿಸಿದರೆ ತುಳಿತ, ಪಕ್ಕದ ಗಾಡಿಯವನು ಕೆಮ್ಮಿದರೂ ತುಳಿತ. ಇಷ್ಟು ಎಚ್ಚರದ ಮನುಷ್ಯ ಒಂದು ದೇಶದ ಆರೋಗ್ಯ ಸೇವೆಯನ್ನು ಹಳ್ಳದ ಅಂಚಿಗೆ ಒಯ್ದು ನಿಲ್ಲಿಸಿದರು ಎಂದರೆ ಯಾರೂ ನಂಬುವುದಿಲ್ಲ. ನಾವು ಬೀದಿಯವರು ಕಣ್ಣಾರೆ ನೋಡಿದ್ದರಿಂದ ನಂಬಲೇಬೇಕಾಯಿತು.

ಮೊದಲಾದದ್ದು ಒಂದು ಫೋನಿನಿಂದ.

"ಆರೋಗ್ಯ ಇಲಾಖೆಯಿಂದ ಮಾತಾಡ್ತಿರೋದು ಸರ್. ಮುಂದಿನ ಹದಿನೈದು ವರ್ಷಕ್ಕೆ ಆಸ್ಪತ್ರೆ ಸೇವೆ ಸುಧಾರಿಸೋ ಯೋಜನೆ ಮಾಡ್ತಾ ಇದ್ದೀವಿ. ಸಮಿತೀಲಿ ಒಬ್ಬ ಸಾಮಾನ್ಯ ನಾಗರಿಕರು ಇರಲೇಬೇಕು ಅಂತ ನಿಯಮ. ಕಂಪ್ಯೂಟರು ಇಡೀ ದೇಶ ಜಾಲಾಡಿ ನಿಮ್ಮನ್ನ ಆರಿಸಿದೆ."

ಮೇಷ್ಟ್ರಿಗೆ ಹೆಮ್ಮೆಗಿಂತ ಮೊದಲು ಅವಮಾನವಾಯಿತು. "ಸಾಮಾನ್ಯ ಅಂದ್ರೆ ಏನ್ರೀ? ನನ್ನ ಹತ್ರ ಕಲಿತೋರು ಇವತ್ತು ಆಂಬುಲೆನ್ಸ್ ಓಡಿಸ್ತಿದ್ದಾರೆ, ಗೊತ್ತಾ?"

"ಅದಕ್ಕೇ ಸರ್. ಅಷ್ಟೆಲ್ಲಾ ಮಾಡಿದ್ರೂ ನಿಮ್ಮ ಹೆಸರು ಒಬ್ಬರಿಗೂ ಗೊತ್ತಿಲ್ಲ ನೋಡಿ. ಅಂಥೋರೇ ನಮಗೆ ಬೇಕಾಗಿದ್ದು."

ಫೋನಿಟ್ಟ ಮೇಲೆ ಹೆಂಡತಿ ಕಟ್ಟುನಿಟ್ಟಾಗಿ ಹೇಳಿದರು: "ಸಾಮಾನ್ಯ ಗೀಮಾನ್ಯ ಅಂತ ಹೊರಗೆ ಬಾಯಿ ಬಿಡಬೇಡಿ. ಸಮಿತಿಯವರು ಅನ್ನಿ, ಸಾಕು."

ಸಮಿತಿಯ ಸುದ್ದಿಯನ್ನು ಹೆಂಡತಿ ಹೇಳಿದ್ದು ಕೆಳಮನೆಯಾಕೆಗೆ ಮಾತ್ರ. ಕೆಳಮನೆಯಾಕೆ ಬೀದಿಗೆಲ್ಲ ಸುದ್ದಿ ಹಂಚುವ ಹೆಂಗಸು, ಅದೂ ಹಂಚುವಾಗ ಚೂರು ಹೆಚ್ಚಿಗೆ ತೂಗುವ ಉದಾರಿ. ಸುದ್ದಿ ಮೂಲೆಯ ಔಷಧಿ ಅಂಗಡಿ ಮುಟ್ಟುವ ಹೊತ್ತಿಗೆ ಮೇಷ್ಟ್ರು ಇಲಾಖೆಯ ಸಲಹೆಗಾರರಾಗಿದ್ದರು. ಬೀದಿಯ ಆ ತುದಿಯಲ್ಲಿ ಮಂತ್ರಿಗಳ ಬಲಗೈ. ಸಂಜೆಯೊಳಗೆ ಬೆನ್ನುನೋವಿನವರು, ಕಿವಿ ಕೇಳದವರು, ಹಲ್ಲು ಅಲ್ಲಾಡುವವರು ಮನೆಯ ಮೆಟ್ಟಿಲ ಮೇಲೆ ಸಾಲಾಗಿ ಕೂತರು. ಔಷಧಿ ಅಂಗಡಿಯವರು ಮಾತ್ರ ಬಂದು, "ಎಲ್ಲಾರನ್ನೂ ವಾಸಿ ಮಾಡಿಬಿಡಬೇಡಿ ಮೇಷ್ಟ್ರೇ, ನಾನೂ ಬದುಕಬೇಕು" ಎಂದು ಕೈಮುಗಿದು ಹೋದರು.

ಇವರೆಲ್ಲರಿಗಿಂತ ದೊಡ್ಡ ಅರ್ಜಿದಾರರು ಮನೆಯೊಳಗೇ ಇದ್ದರು. ಅವರು ಮೇಷ್ಟ್ರ ಅತ್ತೆ. ಅಂಚೆ ಕಚೇರಿಯ ಕೌಂಟರಿನಲ್ಲಿ ಕೂತು ಮೂವತ್ತು ವರ್ಷ ಜನರನ್ನು ಗದರಿ ನಿವೃತ್ತರಾದವರು. ಎರಡೂ ಮಂಡಿ ಸವೆದು ಹೋಗಿ, ಮೂರನೇ ಮಹಡಿಯ ಆ ಮನೆಯಿಂದ ಕೆಳಗಿಳಿಯದೆ ವರ್ಷವಾಗಿತ್ತು. ಬೀದಿಯ ಆಡಳಿತವನ್ನು ಈಗ ಬಾಲ್ಕನಿಯಿಂದಲೇ ನಡೆಸುತ್ತಿದ್ದರು. ದೊಡ್ಡಾಸ್ಪತ್ರೆಯಲ್ಲಿ ಮಂಡಿ ಬದಲಾಯಿಸುವವರ ಸರದಿಯಲ್ಲಿ ಅವರ ಹೆಸರಿತ್ತು. ಸರದಿ ಇತ್ತು, ಸರಿಯುತ್ತಿರಲಿಲ್ಲ.

"ಅಳಿಯಂದಿರೇ," ಎಂದರು ಅತ್ತೆ, ಎಂದೂ ಇಲ್ಲದ ಮೆತ್ತನೆಯ ದನಿಯಲ್ಲಿ. "ನಿಮ್ಮನ್ನ ನಾನು ಇದುವರೆಗೂ ಏನೂ ಕೇಳಿಲ್ಲ. ಕೇಳಿದ್ರೆ ಆಗುತ್ತೆ ಅನ್ನೋ ನಂಬಿಕೆ ಇರಲಿಲ್ಲ, ಅದು ಬೇರೆ ಮಾತು. ಅಲ್ಲಿ ಮಂಡಿ ಅನ್ನೋ ಪದ ಒಂದು ಸಲ ಹೇಳಿ ಬನ್ನಿ. ಬೀದಿಗಿಳಿದು ನಾಲ್ಕು ಹೆಜ್ಜೆ ಹಾಕಿ ಸಾಯ್ತೀನಿ."

ಮೇಷ್ಟ್ರ ಕಣ್ಣು ತುಂಬಿತು. "ಮಂಡಿಗೇ ಮೊದಲು ಅತ್ತೆ, ಮಾತು ಕೊಟ್ಟೆ" ಎಂದರು. ಮನುಷ್ಯ ಮಾತು ಕೊಡುವ ಮೊದಲು ಬ್ರೇಕ್ ತುಳಿಯಬೇಕು ಎಂದು ಎಲ್ಲರಿಗೂ ಬೋಧಿಸುವವರು ಅವರೇ.

ಇಲಾಖೆಯ ಕೇಂದ್ರ ಕಚೇರಿ ಹಳೆಯ ಕಟ್ಟಡ. ಸಭೆಯ ಕೋಣೆಯ ಮೂಲೆಯಲ್ಲಿ ಒಂದು ಬಕೆಟ್. ಚಾವಣಿಯಿಂದ ಅದಕ್ಕೆ ಟಪ್ ಟಪ್ ಎಂದು ನೀರು ಬೀಳುತ್ತಿತ್ತು. ಉದ್ದನೆ ಮೇಜಿನ ಸುತ್ತ ಐದು ಮಂದಿ ಪರಿಣತರು, ತುದಿಗೆ ಅಧ್ಯಕ್ಷೆ. ಗೋಡೆಯ ಮೇಲೆ ದೊಡ್ಡ ಹಲಗೆ, ಅದರ ತುಂಬ ಚೀಟಿಗಳು: ತಾಯಿ-ಮಗು, ಕಣ್ಣು, ಹಲ್ಲು, ಆಂಬುಲೆನ್ಸ್, ಮಂಡಿ. ಕೊನೆಯಲ್ಲಿ ಸಂಕೋಚದಿಂದೆಂಬಂತೆ ಅಂಟಿಸಿದ್ದ ಇನ್ನೊಂದು: ಕೇಂದ್ರ ಕಚೇರಿಗೆ ಹೊಸ ಕಟ್ಟಡ.

ಯೋಜನಾಧಿಕಾರಿ ಎದ್ದು ನಿಯಮ ವಿವರಿಸಿದರು. ಒಬ್ಬೊಬ್ಬರಿಗೆ ಚೀಟಿಗಳ ಮೇಲೆ ಅಂಟಿಸಲು ಒಂದು ಕೆಂಪು ಚುಕ್ಕಿ, ಒಂದು ಹಸಿರು ಚುಕ್ಕಿ. ಕೆಂಪು ಎಂದರೆ ಬಹಳ ತುರ್ತು, ಮೊದಲ ಐದು ವರ್ಷದಲ್ಲೇ ಆಗಬೇಕು. ಹಸಿರು ಎಂದರೆ ಅವಸರವಿಲ್ಲ, ಕೊನೆಯ ಐದು ವರ್ಷಕ್ಕೆ ಬಿಡಬಹುದು. ಎಷ್ಟು ಸ್ಪಷ್ಟವಾಗಿ ಹೇಳಿದರೆಂದರೆ, ಕಿವಿಗೆ ಬಿದ್ದವರಾರೂ ತಪ್ಪು ಮಾಡುವಂತಿರಲಿಲ್ಲ. ಮೇಷ್ಟ್ರ ಕಿವಿಗೆ ಬೀಳಲಿಲ್ಲ. ಆ ಹೊತ್ತಿಗೆ ಸರಿಯಾಗಿ ಬಾಗಿಲ ಬಳಿ ಒಬ್ಬ ಗುಮಾಸ್ತ "ಸಾಮಾನ್ಯ ನಾಗರಿಕ" ಎಂಬ ಬಿಲ್ಲೆಯನ್ನು ಅವರ ಅಂಗಿಗೆ ಚುಚ್ಚಲು ಹೋಗಿ, ಅಂಗಿ ದಾಟಿ ಎದೆಗೇ ಚುಚ್ಚಿದ್ದ.

"ಈ ಸಲ ಜನರ ಮಾತೇ ಮೊದಲು," ಎಂದರು ಅಧ್ಯಕ್ಷೆ. "ಸಾಮಾನ್ಯ ನಾಗರಿಕರೇ ಶುರು ಮಾಡಲಿ."

ಮೇಷ್ಟ್ರು ಎದ್ದರು. ಕೈಯಲ್ಲಿ ಒಂದು ಕೆಂಪು, ಒಂದು ಹಸಿರು. ಇಪ್ಪತ್ತು ವರ್ಷದಿಂದ ಈ ಎರಡು ಬಣ್ಣದ ಅರ್ಥ ಹೇಳಿಯೇ ಅನ್ನ ತಿಂದವರು. ಇದನ್ನೂ ಯಾರಾದರೂ ನನಗೆ ಕಲಿಸಬೇಕೆ ಎನ್ನುವ ಠೀವಿಯಲ್ಲಿ ಹಲಗೆಯ ಬಳಿ ಹೋಗಿ ಹಸಿರನ್ನು ಮಂಡಿಯ ಮೇಲೂ ಕೆಂಪನ್ನು ಹೊಸ ಕಟ್ಟಡದ ಮೇಲೂ ಒತ್ತಿ ಅಂಟಿಸಿದರು.

ಕೋಣೆ ಗಪ್ ಎಂದಿತು. ಬಕೆಟ್ ಮಾತ್ರ ಟಪ್ ಎಂದಿತು.

"ಯೋಚನೆ ಮಾಡಿ ಅಂಟಿಸಿದ್ರಾ?" ಅಧ್ಯಕ್ಷೆ ಕೇಳಿದರು.

"ಇಪ್ಪತ್ತು ವರ್ಷದ ಅನುಭವ ಮೇಡಂ."

"ಅಂದ್ರೆ... ಮಂಡಿ ಹೋಗಲಿ ಅಂತೀರಾ?"

"ಹೋಗಲಿ ಮೇಡಂ. ಇನ್ನೂ ಎಷ್ಟು ದಿನ ಅಂತ ಹಿಡಿದಿಟ್ಟುಕೊಂಡು ಕೂರೋದು?"

"ಮತ್ತೆ ಕಟ್ಟಡ?"

"ನಿಲ್ಲಲಿ. ಇವತ್ತೇ ನಿಲ್ಲಲಿ!"

ಮೂಳೆ ಡಾಕ್ಟರಿಗೆ ತಡೆಯಲಾಗಲಿಲ್ಲ. "ಸ್ವಾಮಿ, ನಿಮ್ಮನೇಲಿ ವಯಸ್ಸಾದವರು ಯಾರೂ ಇಲ್ವಾ?"

"ಅತ್ತೆ ಇದ್ದಾರಲ್ಲ! ಎರಡೂ ಮಂಡಿ ಸವೆದಿದೆ. ಅವರನ್ನ ನೆನೆಸಿಕೊಂಡೇ ಅಂಟಿಸಿದ್ದು ಇದನ್ನ."

ಮೂಳೆ ಡಾಕ್ಟರು ಕುರ್ಚಿಯನ್ನು ಮೇಷ್ಟ್ರಿಂದ ಒಂದು ಮೊಳ ದೂರಕ್ಕೆ ಎಳೆದುಕೊಂಡರು. ಅತ್ತೆಯ ಮೇಲೆ ಹಗೆಯಿರುವ ಅಳಿಯಂದಿರನ್ನು ಅವರು ಕಂಡಿದ್ದರು. ಅದಕ್ಕಾಗಿ ದೇಶದ ಮಂಡಿಗಳನ್ನೆಲ್ಲ ಬಲಿ ಕೊಡುವವರನ್ನು ಕಂಡಿರಲಿಲ್ಲ.

ಅಧ್ಯಕ್ಷೆ ಮಾತ್ರ ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು. ಹನ್ನೆರಡು ವರ್ಷದಿಂದ ಆ ಬಕೆಟಿನ ಪಕ್ಕ ಕೂತು ಕೆಲಸ ಮಾಡಿದ ಹೆಂಗಸು. ಜನ ಏನಂದುಕೊಂಡಾರೋ ಎಂದು ಹೊಸ ಸೂರು ಬೇಕೆಂದು ಬಾಯಿ ಬಿಟ್ಟವರಲ್ಲ. ಈಗ ಜನವೇ ಎದ್ದು ನಿಂತು, ನಮ್ಮ ಮಂಡಿ ಹೋಗಲಿ, ನಿಮ್ಮ ಕಟ್ಟಡ ನಿಲ್ಲಲಿ ಎನ್ನುತ್ತಿದೆ! ಜನರ ದನಿಗೆ ಎದುರಾಡುವ ಧೈರ್ಯ ಉಳಿದವರಿಗೆಲ್ಲಿಂದ ಬರಬೇಕು? ಒಬ್ಬರ ಹಿಂದೊಬ್ಬರು ಹೋಗಿ, ಮೇಷ್ಟ್ರು ಅಂಟಿಸಿದ ಕಡೆಯೇ ಅಂಟಿಸಿ ಬಂದರು. ಮೂಳೆ ಡಾಕ್ಟರು ಒಬ್ಬರೇ ಬೇರೆ ಕಡೆ ಅಂಟಿಸಿದರು.

ಮಂಡಿಯ ಮೇಲೆ ಹಸಿರು ತೋಟವೇ ಬೆಳೆದದ್ದನ್ನು ನೋಡಿ ಮೇಷ್ಟ್ರು ಗಾಳಿಯಲ್ಲಿ ತೇಲುತ್ತ ಮನೆಗೆ ಬಂದರು. "ಅತ್ತೆ, ಮಂಡಿಗೆ ಹಸಿರು ನಿಶಾನೆ! ಎಲ್ಲರೂ ನನ್ನ ಹಿಂದೇ ಬಂದ್ರು. ಯೋಜನೆಗೆ ಒಪ್ಪಿಗೆ ಕೊಡೋದೊಂದೇ ಬಾಕಿ, ಈ ವಾರದ ಕೊನೆಗೆ ಬಹಿರಂಗ ಸಭೆ ಇದೆ."

ಅತ್ತೆ ಅಳಿಯನ ಕೈ ಹಿಡಿದುಕೊಂಡರು. "ಹೊಟ್ಟೇಲಿ ಹುಟ್ಟಿದ ಮಗ ಇದ್ದಿದ್ರೂ ಇಷ್ಟು ಮಾಡ್ತಿರಲಿಲ್ಲ" ಎಂದರು. ಮದುವೆಯಾದ ಮೇಲೆ ಮೊದಲ ಸಲ ಮೇಷ್ಟ್ರ ಮುಂದೆ ಬಿಸಿ ಕಾಫಿ ಕೇಳದೆಯೇ ಬಂತು.

ಆ ಕಾಫಿಯ ರುಚಿ ಮರುದಿನ ಬೆಳಗಿನವರೆಗೆ ಬಾಯಲ್ಲಿತ್ತು. ಬೆಳಗ್ಗೆ ಕೆಳಮನೆಯಾಕೆಗೆ ಪಾಠ. ಆಕೆ ಕಾರು ಓಡಿಸುತ್ತಿದ್ದರು, ರೇಡಿಯೋ ಮೆಲ್ಲಗೆ ಹಾಡುತ್ತಿತ್ತು. ನಡುವೆ ವಾರ್ತೆ ಬಂತು.

"ಆರೋಗ್ಯ ಯೋಜನೆಯ ಕರಡು ಸಿದ್ಧವಾಗಿದೆ. ಕೇಂದ್ರ ಕಚೇರಿಯ ಹೊಸ ಕಟ್ಟಡಕ್ಕೆ ಮೊದಲ ಆದ್ಯತೆ. ಮಂಡಿ ಚಿಕಿತ್ಸೆಯ ವಿಸ್ತರಣೆಯನ್ನು ಹತ್ತನೇ ವರ್ಷದ ನಂತರಕ್ಕೆ ಮುಂದೂಡಲಾಗಿದೆ. ಮಂಡಿ ಹೋಗಲಿ, ಕಟ್ಟಡ ನಿಲ್ಲಲಿ ಎಂದು ಸಾಮಾನ್ಯ ನಾಗರಿಕರೊಬ್ಬರು ಆಡಿದ ತ್ಯಾಗದ ಮಾತೇ ಇದಕ್ಕೆ ಪ್ರೇರಣೆ ಎಂದು ಅಧ್ಯಕ್ಷೆ ತಿಳಿಸಿದ್ದಾರೆ."

ಮೇಷ್ಟ್ರ ಕಾಲು ತಾನಾಗಿ ಬ್ರೇಕ್ ತುಳಿಯಿತು. ಕೆಳಮನೆಯಾಕೆಯೂ, ಜೀವನದಲ್ಲೇ ಮೊದಲ ಬಾರಿಗೆ, ತಮ್ಮ ಬ್ರೇಕ್ ತುಳಿದರು. ಕಾರು ನಡುರಸ್ತೆಯಲ್ಲಿ ಮೂಗು ಮುಗ್ಗರಿಸಿ ನಿಂತಿತು. ಹಿಂದಿನ ಗಾಡಿಗಳೆಲ್ಲ ಬೊಬ್ಬೆ ಹಾಕಿದವು. ಇಬ್ಬರಿಗೂ ಕೇಳಿಸಲಿಲ್ಲ.

"ಮೇಷ್ಟ್ರೇ," ಎಂದರು ಆಕೆ ಕೊನೆಗೆ, "ಈ ಸಾಮಾನ್ಯ ನಾಗರಿಕ..."

"ದಮ್ಮಯ್ಯ ಅಂತೀನಿ, ಮನೇಲಿ ಹೇಳಬೇಡಿ. ಸಭೆ ಆಗೋವರೆಗೆ ಒಂದು ಮಾತೂ ಬೇಡ. ನಾನು ಸರಿ ಮಾಡ್ತೀನಿ."

"ಅಯ್ಯೋ, ನಾನ್ಯಾಕೆ ಹೇಳ್ಲಿ!" ಎಂದರಾಕೆ. ಆದರೆ ಆಕೆಯ ಮುಖ ಆಗಲೇ ಕೆಂಪಾಗಿತ್ತು. ಸುದ್ದಿಯೊಂದನ್ನು ಒಳಗಿಟ್ಟುಕೊಂಡು ಅಭ್ಯಾಸವಿಲ್ಲದ ಜೀವ. ಆಮೇಲೆ ಆಕೆ ಬಾಲ್ಕನಿಯ ಕೆಳಗೆ ಹಾದುಹೋಗುವಾಗಲೆಲ್ಲ ಬಾಯಿಗೆ ಸೆರಗು ಒತ್ತಿಕೊಂಡು ಓಡತೊಡಗಿದರು. ಅತ್ತೆ ಮೇಲಿನಿಂದ ನೋಡಿ, "ಪಾಪ, ಇವಳಿಗೆ ಹಲ್ಲುನೋವು. ಅಳಿಯಂದಿರೇ, ಮುಂದಿನ ಸಲ ಹಲ್ಲಿಗೂ ಒಂದು ಹಸಿರು ಅಂಟಿಸಿ" ಎಂದರು.

ಮೇಷ್ಟ್ರು ಯೋಜನಾಧಿಕಾರಿಯ ಬಳಿಗೆ ಓಡಿದರು. "ಸರ್, ನನ್ನ ಚುಕ್ಕಿ ಅದಲುಬದಲಾಗಿದೆ. ಕಿತ್ತು ಅಂಟಿಸೋಕೆ ಎರಡು ನಿಮಿಷ ಕೊಡಿ."

ಅಧಿಕಾರಿ ಎದ್ದು ಹೋಗಿ ಬಾಗಿಲು ಹಾಕಿ ಬಂದು, ತಗ್ಗಿದ ದನಿಯಲ್ಲಿ ಕೇಳಿದರು: "ನಿಜ ಹೇಳಿ. ನಿಮ್ಮ ಮೇಲೆ ಒತ್ತಡ ಬಂದಿದೆ ಅಲ್ವಾ?"

"ಬಂದಿದೆ ಸರ್."

"ಹೆದರಿಸಿದ್ದಾರಾ?"

"ಇನ್ನೂ ಇಲ್ಲ. ವಿಷಯ ಗೊತ್ತಾದ ಮೇಲೆ ಹೆದರಿಸ್ತಾರೆ."

"ಯಾರವರು?"

"ಅತ್ತೆ."

ಅಧಿಕಾರಿ ಹುಬ್ಬು ಗಂಟಿಕ್ಕಿದರು. "ಅತ್ತೆ... ಯಾವ ಸಂಘದವರು?"

ಎಷ್ಟು ಹೇಳಿದರೂ ಅಧಿಕಾರಿಗೆ ಇದರ ಹಿಂದೆ ಮೂಳೆ ಡಾಕ್ಟರುಗಳ ಕೈವಾಡವಿಲ್ಲ ಎಂದು ನಂಬಿಕೆ ಬರಲಿಲ್ಲ. "ಜನರ ಮತ ಅಂದ್ರೆ ಕಲ್ಲಲ್ಲಿ ಕೆತ್ತಿದ ಹಾಗೆ. ಬದಲಾಯಿಸಲೇಬೇಕು ಅಂದ್ರೆ ಬಹಿರಂಗ ಸಭೇಲಿ, ಎಲ್ಲರ ಮುಂದೆ, ಮೈಕಿನಲ್ಲಿ ಹೇಳಬೇಕು. ಧೈರ್ಯವಾಗಿರಿ. ಬೇಕಾದ್ರೆ ಒಬ್ಬ ಪೊಲೀಸಿನವರನ್ನ ಮನೆ ಹತ್ರ ಹಾಕಿಸ್ಲಾ?"

ಮೇಷ್ಟ್ರು ಒಂದು ಗಳಿಗೆ ಆ ಮಾತನ್ನು ಗಂಭೀರವಾಗಿಯೇ ಯೋಚಿಸಿದರು.

ಉಳಿದದ್ದು ಒಂದೇ ದಾರಿ. ಸಭೆಯಲ್ಲಿ ಗುಟ್ಟಾಗಿ, ಎಂದರೆ ಮೈಕಿನಲ್ಲಿ ಆದರೆ ಅತ್ತೆಗೆ ತಿಳಿಯದಂತೆ, ತಪ್ಪೊಪ್ಪಿ ಮುಗಿಸುವುದು. ಅತ್ತೆಗೆ ಟಿ.ವಿ. ಸಿಗದಂತೆ ಅದರ ತಂತಿ ಕಿತ್ತಿಟ್ಟರು. ಪೇಪರು ಮಡಚಿ ಕಾರಿನ ಸೀಟಿನಡಿಗೆ ತುರುಕಿದರು. ಮನೆಯಲ್ಲಿ ಯಾರಾದರೂ "ಹೋಗಲಿ ಬಿಡಿ" ಎಂದರೂ ಸಾಕು, ಅವರ ಎದೆ ಧಸಕ್ಕೆನ್ನುತ್ತಿತ್ತು.

ಸಭೆಯ ದಿನ ಬೆಳಗ್ಗೆ ಅಂಗಿ ತೊಟ್ಟು ಹೊರಬಂದರೆ, ಅತ್ತೆ ಒಳ್ಳೆಯ ಸೀರೆ ಉಟ್ಟು, ಕೈಗಳಿರುವ ಕುರ್ಚಿಯಲ್ಲಿ ಸಿದ್ಧರಾಗಿ ಕೂತಿದ್ದಾರೆ! ಕುರ್ಚಿಯ ಒಂದು ಕಡೆ ಔಷಧಿ ಅಂಗಡಿಯವರು, ಇನ್ನೊಂದು ಕಡೆ ಬೀದಿಯ ಇಸ್ತ್ರಿಯವನು.

"ಬಹಿರಂಗ ಸಭೆ ಅಂದ್ರಲ್ಲ," ಎಂದರು ಅತ್ತೆ. "ನಮ್ಮ ಅಳಿಯಂದಿರು ಮಾತಾಡೋದನ್ನ ನಾನು ನೋಡಬೇಡ್ವಾ? ಬೀದಿಯವರೆಲ್ಲ ಬರ್ತಿದ್ದಾರೆ."

"ಬೇಡ ಅತ್ತೆ! ಮೆಟ್ಟಿಲು... ಮಂಡಿ... ಆಯಾಸ..."

"ನಾನೇನು ನಡೀತೀನಾ? ಇವರು ಹೊತ್ಕೊಂಡು ಹೋಗ್ತಾರೆ. ಎತ್ತಿ!"

ಕುರ್ಚಿ ಎದ್ದಿತು. ಮೆಟ್ಟಿಲ ತಿರುವಿನಲ್ಲೆಲ್ಲ ಅತ್ತೆ ಒಂದು ಕಡೆಗೆ ವಾಲುತ್ತಿದ್ದರು, ಕೆಳಗೆ ನಿಂತ ನಾವೆಲ್ಲ ಒಟ್ಟಿಗೆ ಉಸಿರು ಹಿಡಿಯುತ್ತಿದ್ದೆವು. ಮುಂದೆ ಹಿಮ್ಮುಖವಾಗಿ ಇಳಿಯುತ್ತಿದ್ದ ಮೇಷ್ಟ್ರ ಕಾಲು ಪ್ರತಿ ಮೆಟ್ಟಿಲನ್ನೂ ಬ್ರೇಕಿನಂತೆ ಒತ್ತುತ್ತಿತ್ತು. ಕೆಳಮನೆಯಾಕೆ ಬಾಗಿಲಲ್ಲಿ ನಿಂತು ಎರಡೂ ಕೈಯಲ್ಲಿ ಬಾಯಿ ಮುಚ್ಚಿಕೊಂಡಿದ್ದರು.

ಸಭಾಂಗಣ ತುಂಬಿತ್ತು. ಅತ್ತೆಯ ಕುರ್ಚಿಯನ್ನು ಮುಂದಿನ ಸಾಲಿನಲ್ಲೇ ಇಟ್ಟರು. ವೇದಿಕೆಯ ಪರದೆ ಸರಿಯಿತು. ಹಿಂದೆ ಆಳೆತ್ತರದ ಅಕ್ಷರಗಳಲ್ಲಿ ಒಂದು ಬ್ಯಾನರು: "ಮಂಡಿ ಹೋಗಲಿ, ಕಟ್ಟಡ ನಿಲ್ಲಲಿ! – ಸಾಮಾನ್ಯ ನಾಗರಿಕ."

ಅತ್ತೆ ಅದನ್ನು ಒಮ್ಮೆ ಓದಿದರು. ಅಂಚೆಯಲ್ಲಿ ಎಂಥೆಂಥ ಕೆಟ್ಟ ಅಕ್ಷರ ಓದಿದವರು. ಇದು ಬಹಳ ಚೆನ್ನಾಗಿ ಬರೆದಿತ್ತು. ಆದರೂ ಇನ್ನೊಮ್ಮೆ ಓದಿದರು. ಆಮೇಲೆ ಅಳಿಯನ ಎದೆಯ ಮೇಲಿದ್ದ ಬಿಲ್ಲೆಯನ್ನು ಓದಿದರು.

ಮೇಷ್ಟ್ರು ಮೈಕಿನ ಮುಂದೆ ನಿಂತಿದ್ದರು. ಅಡಗಲು ಜಾಗವಿರಲಿಲ್ಲ.

"ನಾನು ಡ್ರೈವಿಂಗ್ ಮೇಷ್ಟ್ರು," ಎಂದರು. ಮೈಕು ಕೀರಲು ದನಿಯಲ್ಲಿ ಅವರಿಗಿಂತ ಮೊದಲೇ ಅತ್ತಿತು. "ನನಗೆ ಕೆಂಪು ಅಂದ್ರೆ ನಿಲ್ಲಿಸು, ಹಸಿರು ಅಂದ್ರೆ ಹೋಗು. ಮಂಡಿ ಕೆಲಸ ಮುಂದೆ ಹೋಗಲಿ ಅಂತ ಹಸಿರು ಅಂಟಿಸಿದೆ. ಕಟ್ಟಡದ ಕೆಲಸ ನಿಲ್ಲಲಿ ಅಂತ ಕೆಂಪು ಅಂಟಿಸಿದೆ. ನಿಯಮ ಹೇಳುವಾಗ ನಾನು ಕೇಳಿಸಿಕೊಳ್ಳಲಿಲ್ಲ. ಕೇಳಿಸಲಿಲ್ಲ ಅಂತ ಕೇಳೋಕೆ ಮರ್ಯಾದೆ ಅಡ್ಡ ಬಂತು. ನನ್ನದು ಬಿಡಿ. ಆದರೆ ನೀವೆಲ್ಲ ಓದಿದವರು, ನನ್ನ ಹಿಂದೆ ಯಾಕೆ ಬಂದ್ರಿ?"

ಆಗ ಸಭೆಯಲ್ಲಿ ಒಂದು ದೊಡ್ಡ ಉದ್ಗಾರ ಎದ್ದಿತು. ಮೇಷ್ಟ್ರು ತಿರುಗಿ ನೋಡಿದರು. ಅತ್ತೆ ಎದ್ದು ನಿಂತಿದ್ದರು.

ಕುರ್ಚಿಯನ್ನೂ ಹಿಡಿಯದೆ, ಯಾರ ಕೈಯನ್ನೂ ಹಿಡಿಯದೆ ನಿಂತಿದ್ದರು.

"ಅರೆ, ನಿಂತುಬಿಟ್ರಲ್ಲ!" ಎಂದರು ಸಮಿತಿಯ ಲೆಕ್ಕಪತ್ರದ ಅಧಿಕಾರಿ ಹಗುರಾಗಿ. "ಹಾಗಾದ್ರೆ ಇವರಿಗೆ ಚಿಕಿತ್ಸೆ ಅಂಥ ತುರ್ತೇನೂ ಅಲ್ಲ."

"ಕೂತ್ಕೊಳ್ಳಿ ಅಜ್ಜಿ!" ಬೀದಿಯವರೆಲ್ಲ ಒಂದೇ ಕೊರಳಲ್ಲಿ ಕೂಗಿದೆವು. "ಸರದಿ ತಪ್ಪುತ್ತೆ, ಕೂತ್ಕೊಳ್ಳಿ!"

"ಬಾಯ್ಮುಚ್ಚಿ!" ಎಂದರು ಅತ್ತೆ. ಬೀದಿ ಬಾಯಿ ಮುಚ್ಚಿತು. "ರೀ ಲೆಕ್ಕದವರೇ, ನಾನು ನಿಂತಿರೋದು ಮಂಡಿ ಮೇಲಲ್ಲ, ಸಿಟ್ಟಿನ ಮೇಲೆ. ಇದು ಇಳಿದ ತಕ್ಷಣ ನಾನೂ ಬೀಳ್ತೀನಿ. ಅಷ್ಟರೊಳಗೆ ಏನು ಮಾಡ್ತೀರೋ ಮಾಡಿ!"

ಮೂಳೆ ಡಾಕ್ಟರು ಜಿಗಿದೆದ್ದರು. "ಅವರು ಹೇಳೋದು ವೈದ್ಯಕೀಯವಾಗಿ ಸರಿ! ಬೇಗ ಮತ ಹಾಕಿ. ಚುಕ್ಕಿ ಗಿಕ್ಕಿ ಬೇಡ. ಮಂಡಿ ಮೊದಲು ಅನ್ನೋರು ಕೈ ಎತ್ತಿ!" ಎಂದು ತಾವೇ ಎರಡೂ ಕೈ ಎತ್ತಿದರು.

"ಒಂದು ಸಾಕು" ಎಂದರು ಯೋಜನಾಧಿಕಾರಿ.

ಅತ್ತೆಯ ಕಾಲು ನಡುಗತೊಡಗಿತು. ಮೇಷ್ಟ್ರು ವೇದಿಕೆಯಿಂದ ಹಾರಿ ಓಡಿ ಬಂದು, ಹಿಂದಿನಿಂದ ಎರಡೂ ತೋಳಿನಲ್ಲಿ ಅವರನ್ನು ಬಳಸಿ ಹಿಡಿದರು. ವೇದಿಕೆಯ ಮೇಲೆ ಸಮಿತಿಯ ಮಕ್ಕಳ ಡಾಕ್ಟರು ಕೈ ಎತ್ತಿದರು. ಎರಡಾಯಿತು. ಲೆಕ್ಕಪತ್ರದವರು ಕೈ ಕಟ್ಟಿಕೊಂಡರು. ಅವರ ಪಕ್ಕದ ಇಬ್ಬರು ಅವರನ್ನು ನೋಡಿ ತಾವೂ ಕಟ್ಟಿಕೊಂಡರು. ಅಧ್ಯಕ್ಷೆ ಬ್ಯಾನರನ್ನೊಮ್ಮೆ ನೋಡಿದರು, ಅತ್ತೆಯನ್ನೊಮ್ಮೆ ನೋಡಿದರು. ಹನ್ನೆರಡು ವರ್ಷದ ಟಪ್ ಟಪ್ ಸದ್ದು ಅವರ ಕಿವಿಯಲ್ಲಿ ಮೊಳಗಿರಬೇಕು.

"ಇನ್ನೊಂದು ಬಕೆಟ್ ತಂದಿಟ್ಟರಾಯ್ತು," ಎಂದು ಗೊಣಗಿ ನಿಧಾನಕ್ಕೆ ಕೈ ಎತ್ತಿದರು.

"ಮೂರು, ಮೂರು," ಎಂದರು ಯೋಜನಾಧಿಕಾರಿ. "ಸಾಮಾನ್ಯ ನಾಗರಿಕರದ್ದು ಬಾಕಿ. ಕೈ ಎತ್ತಬೇಕು ಸರ್."

"ನಾನೂ ಮಂಡಿಗೇ!"

"ಬಾಯಲ್ಲಿ ಹೇಳಿದ್ರೆ ಆಗಲ್ಲ. ನೀವು ಬಾಯಲ್ಲಿ ಹೇಳಿ ಏನಾಯ್ತು ಅಂತ ನೋಡಿದ್ದೀವಲ್ಲ. ಕೈ ಎತ್ತಿ."

"ಕೈ ಬಿಟ್ರೆ ಅತ್ತೆ ಬೀಳ್ತಾರೆ ಸ್ವಾಮಿ!"

ಅತ್ತೆಯ ಹಣೆಯಲ್ಲಿ ಬೆವರ ಹನಿ ಮೂಡಿತು. ಅವರು ಹಲ್ಲು ಕಚ್ಚಿ, ತಮ್ಮನ್ನು ಬಳಸಿದ್ದ ಅಳಿಯನ ಬಲಗೈಯ ಮಣಿಕಟ್ಟನ್ನು ಹಿಡಿದು ಬಿಡಿಸಿ, ತಲೆಯ ಮೇಲಕ್ಕೆ ಎತ್ತಿ ಹಿಡಿದರು.

"ನಾಲ್ಕು!" ಎಂದು ಕೂಗಿದರು ಮೂಳೆ ಡಾಕ್ಟರು. ಆ ಕೂಗಿಗೆ ಬೀದಿಯೆಲ್ಲ ಎದ್ದು ಕುಣಿಯಿತು. ಕೆಳಮನೆಯಾಕೆ ಬಾಯಿಂದ ಕೈ ತೆಗೆದು, ಅಷ್ಟು ದಿನ ತಡೆದದ್ದನ್ನೆಲ್ಲ ಪಕ್ಕದಲ್ಲಿ ಕೂತ ಅಪರಿಚಿತರಿಗೆ ಮೊದಲಿನಿಂದ ಹೇಳತೊಡಗಿದರು. ಮಂಡಿ ಮೊದಲ ಐದು ವರ್ಷಕ್ಕೆ ಬಂತು. ಮೂಳೆ ಡಾಕ್ಟರು ಸ್ವತಃ ಬಂದು, ಹೊಸ ಶಸ್ತ್ರಚಿಕಿತ್ಸಾ ಕೊಠಡಿಗಳು ತೆರೆದರೆ ಅತ್ತೆಯ ಸರದಿ ವರ್ಷದೊಳಗೇ ಬರುತ್ತದೆ ಎಂದು ಹೇಳಿ, ಮೇಷ್ಟ್ರ ಕೈ ಕುಲುಕಿ ಹೋದರು.

ಅತ್ತೆಯನ್ನು ಕಾರಿನಲ್ಲಿ ಮನೆಗೆ ಕರೆತಂದರು. ಮನೆಯ ಮುಂದೆ ಔಷಧಿ ಅಂಗಡಿಯವರೂ ಇಸ್ತ್ರಿಯವನೂ ಕುರ್ಚಿ ಎತ್ತಲು ಬಾಗಿದಾಗ ಅತ್ತೆ ಕೈ ಅಡ್ಡ ಹಿಡಿದರು.

"ಬೇಡ. ಸಿಟ್ಟು ಇನ್ನೂ ಪೂರ್ತಿ ಇಳಿದಿಲ್ಲ. ಇದು ಇರೋವಾಗಲೇ ಹತ್ತಿಬಿಡ್ತೀನಿ. ನೀವು ಕುರ್ಚಿ ಹಿಡ್ಕೊಂಡು ಹಿಂದೆ ಬನ್ನಿ."

ಮೆಟ್ಟಿಲ ಕಂಬಿ ಹಿಡಿದು ಹತ್ತತೊಡಗಿದರು. ಮೊದಲ ಮಹಡಿ ಸಲೀಸಾಗಿ ಆಯಿತು. ಎರಡನೆಯದರ ನಡುವೆ ನಿಂತುಬಿಟ್ಟರು. ಮಗಳು ಗಾಬರಿಯಿಂದ, "ಅಮ್ಮಾ, ಟಿ.ವಿ. ಕೆಟ್ಟಿರಲಿಲ್ಲ. ಇವರೇ ತಂತಿ ಕಿತ್ತಿದ್ದು" ಎಂದರು. ಅತ್ತೆ ಮತ್ತೆ ಹತ್ತಿದರು. ಇನ್ನೊಂದು ತಿರುವಿನಲ್ಲಿ ಕೆಳಮನೆಯಾಕೆ, "ನನಗೆ ಹಲ್ಲುನೋವೇ ಇರಲಿಲ್ಲ ಅಜ್ಜಿ, ಇವರೇ ನನ್ನ ಬಾಯಿ ಮುಚ್ಚಿಸಿದ್ದು" ಎಂದರು. ಅದರ ಬಲದಲ್ಲಿ ಎರಡನೇ ಮಹಡಿ ದಾಟಿತು. ಕೊನೆಯ ಸಾಲು ಮೆಟ್ಟಿಲ ಬುಡದಲ್ಲಿ ಅತ್ತೆ ಗೋಡೆಗೊರಗಿ ನಿಂತರು. ಮುಖ ಬಿಳಿಚಿಕೊಂಡಿತ್ತು, ಕಣ್ಣು ಮುಚ್ಚಿತ್ತು. ಸಿಟ್ಟೆಬ್ಬಿಸುವಂಥ ಸುದ್ದಿ ಯಾರ ಬಳಿಯೂ ಉಳಿದಿರಲಿಲ್ಲ. ಕುರ್ಚಿ ಇಡಲೂ ಅಲ್ಲಿ ಜಾಗವಿರಲಿಲ್ಲ.

ಬ್ರೇಕ್ ಮೇಷ್ಟ್ರು ಒಂದು ಮೆಟ್ಟಿಲು ಕೆಳಗೆ, ಬಿದ್ದರೆ ಹಿಡಿಯಲು ಎರಡೂ ಕೈ ಚಾಚಿ ನಿಂತಿದ್ದರು.

"ಅತ್ತೆ, ಒಂದು ವಿಷಯ ಹೇಳೋದು ಮರೆತೆ. ಹೊರಡೋವಾಗ ಅಧ್ಯಕ್ಷೆ ಹೇಳಿದ್ರು, ಮುಂದಿನ ತಿಂಗಳು ಕಣ್ಣಿನ ಬಗ್ಗೆ ಸಭೆಯಂತೆ. ಅದಕ್ಕೂ ನನ್ನನ್ನೇ ಬರೋಕೆ ಹೇಳಿದ್ದಾರೆ."

ಅತ್ತೆ ಕಣ್ಣು ತೆರೆದರು. ಆಮೇಲೆ ಕಂಬಿಯನ್ನು ಮುಟ್ಟದೆ, ನೇರ ಮನೆಯೊಳಕ್ಕೆ ಹತ್ತಿ ಹೋದರು.